ಮೋಹಕ ಬಲೆಗೆ ಹಣ್ಣುನೊಣ ಬೀಳದಿದ್ದಾಗ: ದೋಷ ಹುಡುಕುವ ಬಗೆ

ಮೋಹಕ, ಅಂದರೆ ಗಂಡು ಹಣ್ಣುನೊಣಗಳನ್ನು ವಾಸನೆಯಿಂದ ಸೆಳೆಯುವ ರಾಸಾಯನಿಕ, ಹೀರಿಸಿದ ಬತ್ತಿಯನ್ನು ವಿಷದೊಂದಿಗೆ ಡಬ್ಬಿಯಲ್ಲಿಟ್ಟು ತೂಗುಹಾಕುವುದೇ ಮೋಹಕ ಬಲೆ. ಅದನ್ನು ಕಟ್ಟಿದವರಿಂದ ಬರುವ ದೂರುಗಳು ಬಹುಮಟ್ಟಿಗೆ ಮೂರೇ. ಬಲೆಗೆ ನೊಣವೇ ಬೀಳುತ್ತಿಲ್ಲ ಎಂಬುದು ಮೊದಲನೆಯದು. ಚೆನ್ನಾಗಿ ಬೀಳುತ್ತಿದ್ದವು, ಇದ್ದಕ್ಕಿದ್ದಂತೆ ನಿಂತುಹೋದವು ಎಂಬುದು ಎರಡನೆಯದು. ಬಲೆ ತುಂಬುತ್ತಿದ್ದರೂ ಕಾಯಿ ಕತ್ತರಿಸಿದರೆ ಒಳಗೆ ಹುಳು ಇದ್ದೇ ಇದೆ ಎಂಬುದು ಮೂರನೆಯದು. ಮೂರಕ್ಕೂ ಸಾಮಾನ್ಯವಾಗಿ ಸಿಗುವ ಸಲಹೆ ಮಾತ್ರ ಒಂದೇ: ಮೋಹಕವನ್ನು ಬದಲಿಸಿ. ಆದರೆ ಮೋಹಕವನ್ನು ಬದಲಿಸುವುದು ಈ ಪರಿಶೀಲನೆಯಲ್ಲಿ ಸಾಕಷ್ಟು ಕೊನೆಗೆ ಬರಬೇಕಾದ ಹೆಜ್ಜೆ. ಅದನ್ನೇ ಮೊದಲು ಮಾಡಿದರೆ ದೋಷ ಎಲ್ಲಿತ್ತೆಂಬುದಕ್ಕೆ ಇದ್ದ ಸಾಕ್ಷ್ಯವೂ ಹಳೆಯ ಬತ್ತಿಯೊಂದಿಗೆ ಕಸದ ಬುಟ್ಟಿಗೆ ಹೋಗುತ್ತದೆ.

ಬಲೆಯಲ್ಲಿ ಸತ್ತು ಬಿದ್ದ ನೊಣಗಳನ್ನು ಎಣಿಸುವಾಗ ನಾವು ತೋಟದಲ್ಲಿರುವ ನೊಣಗಳನ್ನು ಎಣಿಸುತ್ತಿದ್ದೇವೆ ಎಂದು ಭಾವಿಸುತ್ತೇವೆ. ವಾಸ್ತವವಾಗಿ ಎಣಿಕೆಗೆ ಸಿಗುವುದು ಆ ವಾಸನೆಗೆ ಸ್ಪಂದಿಸಿ, ಒಳಗೆ ಬಂದು, ಸತ್ತು, ನಾವು ಬರುವ ತನಕ ಅಲ್ಲೇ ಉಳಿದ ನೊಣಗಳು ಮಾತ್ರ. ಹಾಗಾಗಬೇಕಾದರೆ ನೊಣ ಆ ರಾಸಾಯನಿಕಕ್ಕೆ ಒಲಿಯುವ ಜಾತಿಯದಾಗಿರಬೇಕು, ಅದು ಗಂಡಾಗಿದ್ದು ಪ್ರಾಯಕ್ಕೆ ಬಂದಿರಬೇಕು, ಅದೇ ವಾಸನೆಯ ಪದಾರ್ಥವನ್ನು ಇತ್ತೀಚೆಗೆ ಬೇರೆಲ್ಲೂ ತಿಂದಿರಬಾರದು, ವಾಸನೆ ಅದರ ತನಕ ತಲುಪಬೇಕು, ಬಲೆಯ ಬಾಯಿ ಅದಕ್ಕೆ ಕಾಣಬೇಕು, ಒಳಗಿನ ವಿಷಕ್ಕೆ ಕಸುವಿರಬೇಕು, ಸತ್ತ ಮೇಲೆ ಇರುವೆ ಅದನ್ನು ಹೊತ್ತೊಯ್ಯಬಾರದು. ಇವುಗಳಲ್ಲಿ ಯಾವುದೊಂದು ತಪ್ಪಿದರೂ ಎಣಿಕೆ ಕುಸಿಯುತ್ತದೆ, ಮತ್ತು ಹೊರಗಿನಿಂದ ನೋಡುವವರಿಗೆ ಎಲ್ಲ ತಪ್ಪುಗಳೂ ಒಂದೇ ರೀತಿ, ಅಂದರೆ ಖಾಲಿ ಡಬ್ಬಿಯಂತೆ, ಕಾಣುತ್ತವೆ. ಆದ್ದರಿಂದ ಹುಡುಕಾಟವನ್ನು ಡಬ್ಬಿಯಿಂದ ಆರಂಭಿಸದೆ ನೊಣದಿಂದ ಆರಂಭಿಸುವುದು ಒಳ್ಳೆಯದು.

ಕಾಯಿಯೊಳಗಿರುವುದು ಯಾವ ನೊಣ

ಹಣ್ಣುನೊಣ ಎಂಬ ಒಂದೇ ಹೆಸರಿನಿಂದ ನಾವು ಎರಡು ಬೇರೆ ಕುಟುಂಬಗಳ ಕೀಟಗಳನ್ನು ಕರೆಯುತ್ತೇವೆ, ಮತ್ತು ಗೊಂದಲದ ಒಂದು ದೊಡ್ಡ ಪಾಲು ಇಲ್ಲಿಂದಲೇ ಹುಟ್ಟುತ್ತದೆ. ಕೊಳೆಯತೊಡಗಿದ ಹಣ್ಣಿನ ಮೇಲೆ ಹಾರಾಡುವ, 2ರಿಂದ 3 ಮಿಲಿಮೀಟರ್ ಉದ್ದದ, ಕೆಂಪು ಕಣ್ಣಿನ ಪುಟ್ಟ ನೊಣ ಡ್ರೊಸೊಫಿಲಾ. ಅದು ಹುದುಗಿನ ವಾಸನೆಯನ್ನು, ಅಂದರೆ ವಿನೆಗರಿನ ಅಸಿಟಿಕ್ ಆಮ್ಲ ಮತ್ತು ಆಲ್ಕೊಹಾಲನ್ನು, ಹುಡುಕಿಕೊಂಡು ಬರುತ್ತದೆ. ಮೀಥೈಲ್ ಯೂಜಿನಾಲ್ ಎಂಬ ಮೋಹಕದ ಬಲೆಗೂ ಅದಕ್ಕೂ ಸಂಬಂಧವಿಲ್ಲ. ಗಟ್ಟಿ ಕಾಯಿಗೇ ಮೊಟ್ಟೆಯಿಡುವ ಕೊಳವೆಯನ್ನು ಚುಚ್ಚಿ ಹುಳು ಬೀಳಿಸುವ, ಮನೆನೊಣದಷ್ಟು ಅಥವಾ ಅದಕ್ಕಿಂತ ತುಸು ದೊಡ್ಡದಾದ, ಹಳದಿ ಪಟ್ಟಿಗಳುಳ್ಳ ನೊಣಗಳು ಟೆಫ್ರಿಟಿಡೆ ಕುಟುಂಬದವು. ನಡುವೆ ಒಂದು ಅಪವಾದವಿದೆ: ಡ್ರೊಸೊಫಿಲಾ ಸುಜುಕಿ ಎಂಬ ಜಾತಿಯ ಹೆಣ್ಣಿಗೆ ಗರಗಸದಂತಹ ಕೊಳವೆ ಇರುವುದರಿಂದ ಅದು ಮಾಗುತ್ತಿರುವ ಮೃದು ಹಣ್ಣುಗಳನ್ನೂ ಚುಚ್ಚಬಲ್ಲದು. ಚುಚ್ಚಿದ ಗುರುತಿದೆ ಎಂದ ಮಾತ್ರಕ್ಕೆ ಮೀಥೈಲ್ ಯೂಜಿನಾಲ್ ಬಲೆ ಕಟ್ಟಬೇಕೆಂದೇನೂ ಇಲ್ಲ.

ಇದನ್ನು ತೀರ್ಮಾನಿಸಲು ಬಲೆಗಿಂತ ಕಾಯಿಯೇ ಹೆಚ್ಚು ನಂಬಿಕಸ್ಥ ಸಾಕ್ಷಿ. ಚುಚ್ಚಿದ ಗುರುತುಳ್ಳ ಹತ್ತಿಪ್ಪತ್ತು ಕಾಯಿಗಳನ್ನು ಆರಿಸಿ, ಎರಡು ಬೆರಳು ದಪ್ಪ ಒಣ ಮರಳು ಅಥವಾ ಮರದ ಹೊಟ್ಟು ಹಾಸಿದ ಡಬ್ಬಿಯಲ್ಲಿಟ್ಟು, ಬಾಯಿಗೆ ತೆಳು ಬಟ್ಟೆ ಕಟ್ಟಿ ನೆರಳಿನಲ್ಲಿಡಿ. ಬಲಿತ ಹುಳುಗಳು ಕಾಯಿಯಿಂದ ಹೊರಬಂದು, ಮೈಯನ್ನು ಬಳೆಯಂತೆ ಬಾಗಿಸಿ ಬಿಲ್ಲಿನಂತೆ ಬಿಡಿಸಿಕೊಂಡು ಪುಟಿಯುವುದನ್ನು ಕಣ್ಣಾರೆ ಕಾಣಬಹುದು. ಈ ಜಿಗಿತ ಟೆಫ್ರಿಟಿಡೆ ಹುಳುಗಳ ಲಕ್ಷಣ. ಅವು ಮರಳಿನೊಳಗೆ ಸೇರಿ ಕಂದು ಬಣ್ಣದ, ಅಕ್ಕಿಕಾಳಿನಂತಹ ಕೋಶಗಳಾಗುತ್ತವೆ, ಮತ್ತು ಬೆಚ್ಚಗಿನ ಹವೆಯಲ್ಲಿ ಒಂದೆರಡು ವಾರಗಳಲ್ಲಿ ನೊಣಗಳು ಹೊರಬರುತ್ತವೆ. ಹೊರಬಂದ ನೊಣಗಳಿಗೆ ರೆಕ್ಕೆ ಬಲಿತು ಬಣ್ಣ ಕೂಡಲು ಒಂದೆರಡು ದಿನ ಸಕ್ಕರೆ ನೀರು ಕೊಟ್ಟು ಆಮೇಲೆ ನೋಡಿ. ಅಂದೇ ಹುಟ್ಟಿದ ನೊಣದ ಗುರುತುಗಳು ಮಸುಕಾಗಿರುತ್ತವೆ.

ಹೊಟ್ಟೆಯ ಮೇಲೆ ಇಂಗ್ಲಿಷ್ ಟಿ ಅಕ್ಷರದಂತಹ ಕಪ್ಪು ಗೆರೆ, ಎದೆಯ ಎರಡು ಪಕ್ಕಗಳಲ್ಲಿ ಹಳದಿ ಪಟ್ಟಿ, ರೆಕ್ಕೆಯ ಮುಂಚೂಣಿ ಅಂಚಿನುದ್ದಕ್ಕೂ ತೆಳು ಕಪ್ಪು ಗೆರೆ ಇದ್ದರೆ ಅದು ಬ್ಯಾಕ್ಟ್ರೊಸೆರಾ ಡಾರ್ಸಾಲಿಸ್ ಗುಂಪಿನದಿರಬಹುದು. ರೆಕ್ಕೆಯ ಆ ಗೆರೆ ಪೂರ್ತಿಯಾಗಿರದೆ ತುದಿಯಲ್ಲಿ ಒಂದು ಚುಕ್ಕೆಯಷ್ಟೇ ಉಳಿದಿದ್ದು, ಮೈ ಕೆಂಗಂದಾಗಿದ್ದರೆ ಬ್ಯಾಕ್ಟ್ರೊಸೆರಾ ಜೊನೇಟಾ ಎಂದು ಸಂದೇಹಿಸಬಹುದು. ಎದೆಯ ನಡುವೆಯೂ ಮೂರನೆಯ ಹಳದಿ ಪಟ್ಟಿಯಿದ್ದು, ರೆಕ್ಕೆಯ ತುದಿಯಲ್ಲಿ ದೊಡ್ಡ ಕಪ್ಪು ಮಚ್ಚೆಯಿದ್ದರೆ ಅದು ಬಳ್ಳಿ ಕಾಯಿಗಳನ್ನು ಕಾಡುವ ಜ್ಯೂಗೊಡೇಕಸ್ ಕುಕರ್ಬಿಟೆ. ಹಳೆಯ ಪುಸ್ತಕಗಳಲ್ಲಿ ಇದೇ ನೊಣ ಬ್ಯಾಕ್ಟ್ರೊಸೆರಾ ಎಂಬ ಹೆಸರಿನಲ್ಲಿ ಸಿಗುತ್ತದೆ. ಕಣ್ಣಳತೆಯ ಈ ಗುರುತುಗಳು ಮೋಹಕವನ್ನು ಆರಿಸುವಷ್ಟಕ್ಕೆ ಸಾಕಾಗುತ್ತವೆ. ಜಾತಿಯನ್ನು ಖಚಿತವಾಗಿ ಹೇಳಬೇಕಿದ್ದರೆ ತಜ್ಞರ ಕಣ್ಣು ಬೇಕು.

ಯಾವ ವಾಸನೆಗೆ ಯಾರು ಬರುತ್ತಾರೆ

ಕಾಯಿಯಿಂದ ಬಂದ ನೊಣವನ್ನೂ ಬಲೆಯಲ್ಲಿಟ್ಟ ರಾಸಾಯನಿಕವನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗಲೇ ಎಷ್ಟೋ ದೂರುಗಳು ಬಗೆಹರಿಯುತ್ತವೆ. ಡಾರ್ಸಾಲಿಸ್, ಜೊನೇಟಾ, ಕರೆಕ್ಟಾ ಮುಂತಾದವುಗಳ ಗಂಡುಗಳು ಮೀಥೈಲ್ ಯೂಜಿನಾಲಿಗೆ ಬರುತ್ತವೆ. ಕುಕರ್ಬಿಟೆ, ಟಾವ್, ಮತ್ತು ಆಸ್ಟ್ರೇಲಿಯಾದ ಟ್ರಯೋನಿ ಜಾತಿಗಳ ಗಂಡುಗಳು ಕ್ಯೂ ಲೂರ್ ಎಂಬ ಇನ್ನೊಂದು ಮೋಹಕಕ್ಕೆ ಬರುತ್ತವೆ. ಮೆಡಿಟರೇನಿಯನ್ ಹಣ್ಣುನೊಣ ಎಂದು ಹೆಸರಾದ ಸೆರಟೈಟಿಸ್ ಕ್ಯಾಪಿಟಾಟಾಗೆ ಟ್ರೈಮೆಡ್‌ಲೂರ್ ಬೇಕು. ಹೀಗೆ ಒಂದು ಗುಂಪಿಗೆ ಪ್ರಾಣವಾದ ವಾಸನೆ ಇನ್ನೊಂದಕ್ಕೆ ಲೆಕ್ಕಕ್ಕೇ ಇಲ್ಲ. ಬಳ್ಳಿ ತರಕಾರಿಯ ನಡುವೆ ಮೀಥೈಲ್ ಯೂಜಿನಾಲ್ ಬಲೆ ಕಟ್ಟಿದರೆ ಸುತ್ತಲಿನ ಮರಗಳ ನೊಣಗಳು ಬಂದು ಬೀಳಬಹುದು, ಡಬ್ಬಿಯೂ ತುಂಬಬಹುದು, ಆದರೆ ಕಾಯಿ ಚುಚ್ಚುವ ನೊಣ ಅದರ ಪಕ್ಕದಲ್ಲೇ ನಿರ್ಲಿಪ್ತವಾಗಿ ಹಾರಿಹೋಗುತ್ತದೆ. ಇಷ್ಟಲ್ಲದೆ, ಈ ಯಾವ ಗಂಡು ಮೋಹಕಕ್ಕೂ ಬಾರದ ಜಾತಿಗಳೂ ಇವೆ: ಬಳ್ಳಿ ಕಾಯಿಗಳನ್ನೇ ಕಾಡುವ ಡೇಕಸ್ ಸಿಲಿಯೇಟಸ್ ಇದಕ್ಕೆ ಒಳ್ಳೆಯ ಉದಾಹರಣೆ. ಡಬ್ಬಿಯಲ್ಲಿ ಕುಕರ್ಬಿಟೆ ಮಾತ್ರ, ಕಾಯಿಯಿಂದ ಬರುವುದು ಸಿಲಿಯೇಟಸ್ ಎಂದಾದರೆ ಬಲೆಯಲ್ಲಿ ಯಾವ ದೋಷವೂ ಇಲ್ಲ; ನಿರೀಕ್ಷೆಯಲ್ಲಿ ದೋಷವಿದೆ. ಅಲ್ಲಿ ಹೆಣ್ಣುಗಳನ್ನು ಸೆಳೆಯುವ, ಮುಂದೆ ವಿವರಿಸಿರುವ ಪ್ರೋಟೀನ್ ಆಮಿಷದ ದಾರಿಯನ್ನೇ ಹಿಡಿಯಬೇಕು.

ಇವನ್ನು ಮಾರುಕಟ್ಟೆಯಲ್ಲಿ ಫೆರೋಮೋನ್ ಬಲೆ ಎಂದೇ ಕರೆಯುವುದು ರೂಢಿಯಾಗಿದೆ, ಆದರೆ ಮೀಥೈಲ್ ಯೂಜಿನಾಲನ್ನು ಯಾವ ಹೆಣ್ಣುನೊಣವೂ ಸ್ರವಿಸುವುದಿಲ್ಲ. ಅದು ಅನೇಕ ಸಸ್ಯಗಳ ಸುಗಂಧ ತೈಲಗಳಲ್ಲಿರುವ ಪದಾರ್ಥ. 1912ರಲ್ಲಿ ಬಿಹಾರದ ಪೂಸಾದಲ್ಲಿದ್ದ ಕೀಟಶಾಸ್ತ್ರಜ್ಞ ಹೌಲೆಟ್ ಅವರು ಸಿಟ್ರೊನೆಲ್ಲಾ ಎಣ್ಣೆಗೆ ಗಂಡು ಹಣ್ಣುನೊಣಗಳಷ್ಟೇ ಮುತ್ತುವುದನ್ನು ವರದಿ ಮಾಡಿದರು, ಮತ್ತು 1915ರ ಹೊತ್ತಿಗೆ ಮೀಥೈಲ್ ಯೂಜಿನಾಲಿನ ಸೆಳೆತ ತಿಳಿದುಬಂದಿತು. ಈ ಹಳೆಯ ಸಂಗತಿಯನ್ನು ಇಲ್ಲಿ ಹೇಳುವುದಕ್ಕೆ ಕಾರಣವಿದೆ. ನೊಣ ಬಲೆಗೆ ಬರುವುದು ಹೆಣ್ಣನ್ನು ಹುಡುಕಿಕೊಂಡು ಎಂದು ತಿಳಿದರೆ ಅದರ ಅರ್ಧ ನಡವಳಿಕೆ ಒಗಟಾಗಿಯೇ ಉಳಿಯುತ್ತದೆ. ಅದು ಬರುವುದು ಆ ಪದಾರ್ಥವನ್ನು ತಿನ್ನುವುದಕ್ಕೆ. ತಿಂದದ್ದನ್ನು ಡಾರ್ಸಾಲಿಸ್ ಗಂಡು ತನ್ನ ಮೈಯೊಳಗೆ ಮಾರ್ಪಡಿಸಿ, ಗುದಗ್ರಂಥಿಯಲ್ಲಿ ಕೂಡಿಟ್ಟುಕೊಂಡು, ಮುಸ್ಸಂಜೆಯಲ್ಲಿ ಹೆಣ್ಣನ್ನು ಒಲಿಸುವಾಗ ಗಾಳಿಗೆ ಬಿಡುತ್ತದೆ. ಹಾಗೆ ತಿಂದ ಗಂಡಿಗೆ ಹೆಣ್ಣು ಒಲಿಯುವ ಸಾಧ್ಯತೆ ಹೆಚ್ಚು. ಮುಂದೆ ಬರುವ ಎರಡು ದೋಷಗಳ ಬೀಜ ಇಲ್ಲಿದೆ.

ರಾಸಾಯನಿಕದ ಹೆಸರಿನಲ್ಲೇ ಆಗುವ ತಪ್ಪೊಂದಿದೆ. ಲವಂಗದ ಎಣ್ಣೆಯ ಮುಖ್ಯ ಅಂಶ ಯೂಜಿನಾಲ್. ಹೆಸರು ಹೋಲುವುದರಿಂದ ಅದನ್ನೇ ಬತ್ತಿಗೆ ಹಾಕಿ ನೊಣ ಬರಲಿಲ್ಲ ಎನ್ನುವವರಿದ್ದಾರೆ. ಯೂಜಿನಾಲಿನ ಹೈಡ್ರಾಕ್ಸಿಲ್ ಗುಂಪಿಗೆ ಮೀಥೈಲ್ ಸೇರಿದಾಗ ಆಗುವ ಬದಲಾವಣೆ ಕಾಗದದ ಮೇಲೆ ಚಿಕ್ಕದು, ನೊಣದ ಕುಡಿಮೀಸೆಗೆ ಅದು ಬೇರೆಯೇ ಲೋಕ. ಸೀಸೆಯ ಮೇಲಿನ ಹೆಸರನ್ನು ಪೂರ್ತಿ ಓದಿ.

ಎರಡು ಮೋಹಕಗಳನ್ನು ಒಂದೇ ಬತ್ತಿಗೆ ಹಾಕಿ ಖರ್ಚು ಉಳಿಸುವ ಯೋಚನೆ ಸಹಜವಾದರೂ, ಮೀಥೈಲ್ ಯೂಜಿನಾಲಿನ ಜೊತೆ ಬೆರೆಸಿದಾಗ ಕ್ಯೂ ಲೂರಿಗೆ ಬರುವ ನೊಣಗಳ ಸಂಖ್ಯೆ ಕುಗ್ಗುವುದನ್ನು ಪ್ರಯೋಗಗಳು ತೋರಿಸಿವೆ. ಬೇಕೆಂದೇ ಬೆರೆಸದಿದ್ದರೂ ಕೈಯಿಂದ ಬೆರೆಯುತ್ತದೆ. ಮೀಥೈಲ್ ಯೂಜಿನಾಲ್ ಮುಟ್ಟಿದ ಬೆರಳುಗಳಿಂದಲೇ ಕ್ಯೂ ಲೂರ್ ಬತ್ತಿಯನ್ನು ಕಟ್ಟಿದರೆ, ಅಥವಾ ಎರಡನ್ನೂ ಒಂದೇ ಚೀಲದಲ್ಲಿ ಸಾಗಿಸಿದರೆ, ಬಲೆಯೊಳಗೆ ಯಾವ ನೊಣ ಯಾವುದಕ್ಕೆ ಬಂತೆಂದು ಹೇಳಲಾಗದು. ಕ್ಯೂ ಲೂರ್ ಬಲೆಗಳನ್ನು ಮೊದಲು ಕಟ್ಟಿ ಮುಗಿಸಿ, ಕೈಗವಸು ಬದಲಿಸಿ, ಆಮೇಲೆ ಮೀಥೈಲ್ ಯೂಜಿನಾಲಿಗೆ ಹೋಗುವುದು ಸರಿಯಾದ ಕ್ರಮ.

ಬಲೆಯ ಮುಂದೆ ಅರ್ಧ ಗಂಟೆ

ಜಾತಿಗೂ ಮೋಹಕಕ್ಕೂ ಹೊಂದಾಣಿಕೆ ಇದ್ದೂ ನೊಣ ಬೀಳುತ್ತಿಲ್ಲವೆಂದರೆ ಮುಂದಿನ ಹೆಜ್ಜೆಗೆ ಉಪಕರಣವೇನೂ ಬೇಕಿಲ್ಲ. ಸುಮ್ಮನೆ ಕೂತು ನೋಡಬೇಕು. ಇದನ್ನು ಹೇಳಿದರೆ ಮಾಡುವವರು ಕಡಿಮೆ, ಮಾಡಿದವರು ಮತ್ತೆ ಬಿಡುವುದಿಲ್ಲ. ಹೊತ್ತು ಮುಖ್ಯ. ಡಾರ್ಸಾಲಿಸ್ ಗಂಡುಗಳು ಮೀಥೈಲ್ ಯೂಜಿನಾಲಿಗೆ ಬೆಳಗಿನ ಹೊತ್ತಿನಲ್ಲಿ ಹೆಚ್ಚಾಗಿ ಬರುತ್ತವೆ, ಮುಸ್ಸಂಜೆಗೆ ಅವುಗಳ ಚಿತ್ತ ಕೂಡುವಿಕೆಯ ಕಡೆಗಿರುತ್ತದೆ. ಆದ್ದರಿಂದ ಸಂಜೆ ಬಲೆಯ ಬಳಿ ನಿಂತು ಒಂದೂ ಬರಲಿಲ್ಲ ಎಂದು ಮೋಹಕವನ್ನು ದೂರುವುದು ಅನ್ಯಾಯ. ಬಿಸಿಲು ಹದವಾಗಿ ಏರಿದ, ಗಾಳಿ ಜೋರಿಲ್ಲದ, ಮಳೆಯಿಲ್ಲದ ಬೆಳಗ್ಗೆ, ಬಲೆಯಿಂದ ನಾಲ್ಕೈದು ಹೆಜ್ಜೆ ಆಚೆ, ವಾಸನೆ ಬೀಸಿಹೋಗುವ ಹಾದಿಗೆ ಅಡ್ಡವಾಗದಂತೆ ಕುಳಿತುಕೊಳ್ಳಿ.

ನೊಣ ಬರುವುದು ಗಾಳಿ ಬೀಸಿಹೋಗುವ ಕಡೆಯಿಂದ. ವಾಸನೆಯ ಎಳೆ ಸಿಕ್ಕಾಗ ಗಾಳಿಗೆದುರಾಗಿ ಮುನ್ನುಗ್ಗುತ್ತದೆ, ಎಳೆ ತಪ್ಪಿದಾಗ ಅತ್ತಿತ್ತ ಓಲಾಡಿ ಮತ್ತೆ ಹಿಡಿಯುತ್ತದೆ, ಹತ್ತಿರದ ಎಲೆಯೊಂದರ ಮೇಲೆ ಇಳಿದು ತುಸು ಹೊತ್ತು ನಿಲ್ಲುತ್ತದೆ, ಅಲ್ಲಿಂದ ಬಲೆಗೆ ಹಾರುತ್ತದೆ. ಈ ಸರಣಿ ಎಲ್ಲಿ ಕಡಿಯುತ್ತದೆ ಎಂಬುದೇ ದೋಷದ ವಿಳಾಸ.

ನೊಣಗಳು ಬರುತ್ತಲೇ ಇಲ್ಲವೆಂದರೆ ಮೋಹಕ ಕಸುವು ಕಳೆದುಕೊಂಡಿದೆ, ಇಲ್ಲವೇ ವಾಸನೆ ಹೊರಗೆ ಹೋಗುತ್ತಿಲ್ಲ, ಇಲ್ಲವೇ ಸ್ಪಂದಿಸುವ ವಯಸ್ಸಿನ ನೊಣಗಳೇ ಅಲ್ಲಿಲ್ಲ. ದಟ್ಟ ಎಲೆಗಳ ನಡುವೆ ಹುದುಗಿಸಿದ ಬಲೆಯಿಂದ ವಾಸನೆ ಸಾಗುವುದಿಲ್ಲ, ಬರುವ ನೊಣಕ್ಕೆ ಬಾಯಿಯೂ ಕಾಣುವುದಿಲ್ಲ. ಸುತ್ತ ಒಂದು ಮೊಳದಷ್ಟು ಎಲೆಗಳನ್ನು ಸವರಿ, ಮೇಲಿನ ನೆರಳನ್ನು ಮಾತ್ರ ಉಳಿಸಬೇಕು.

ನೊಣಗಳು ಬಂದು ಬಲೆಯ ಹೊರಮೈಮೇಲೇ ಕುಳಿತು, ಸೊಂಡಿಲನ್ನು ಚಾಚಿ ಗೋಡೆಯನ್ನು ನೆಕ್ಕುತ್ತಿದ್ದರೆ ಕಾರಣ ಬಹುತೇಕ ಒಂದೇ: ಮೋಹಕ ಹಾಕುವಾಗ ಹೊರಗೆ ಚೆಲ್ಲಿದೆ, ಅಥವಾ ಒದ್ದೆ ಬೆರಳುಗಳಿಂದ ಡಬ್ಬಿಯನ್ನು ಹಿಡಿಯಲಾಗಿದೆ. ನಾನೊಮ್ಮೆ ಹೀಗೆ ನೋಡುತ್ತಿದ್ದಾಗ ಮುಚ್ಚಳದ ಅಂಚಿನಲ್ಲಿ ಏಳೆಂಟು ಗಂಡುಗಳು ಸಾಲಾಗಿ ತಲೆ ತಗ್ಗಿಸಿ ಕುಳಿತಿದ್ದವು. ಅವು ಕುಳಿತ ಜಾಗ ಸರಿಯಾಗಿ ನನ್ನ ಹೆಬ್ಬೆರಳು ಮತ್ತು ತೋರುಬೆರಳು ಮುಚ್ಚಳವನ್ನು ತಿರುಗಿಸಿದ ಜಾಗ. ಒಂದೂ ಒಳಗೆ ಹೋಗಲಿಲ್ಲ. ಅಂಗಳದಲ್ಲೇ ಊಟ ಸಿಕ್ಕಿದ ಮೇಲೆ ಒಳಮನೆಗೆ ಯಾರು ಹೋಗುತ್ತಾರೆ. ಅಂತಹ ಡಬ್ಬಿಯನ್ನು ಸೋಪಿನ ನೀರಿನಲ್ಲಿ ಚೆನ್ನಾಗಿ ತೊಳೆಯಬೇಕು, ವಾಸನೆ ಹೋಗದಿದ್ದರೆ ಬದಲಿಸಬೇಕು.

ಒಳಗೆ ಹೋದ ನೊಣಗಳು ತಿಂದು ತೇಗಿ ಹೊರಬರುತ್ತಿದ್ದರೆ ಕೀಟನಾಶಕಕ್ಕೆ ಕಸುವಿಲ್ಲ. ಎಲ್ಲ ದೋಷಗಳಲ್ಲಿ ಇದನ್ನು ನಾನು ಅತಿ ಕೆಟ್ಟದ್ದೆಂದು ಎಣಿಸುತ್ತೇನೆ. ಮೀಥೈಲ್ ಯೂಜಿನಾಲನ್ನು ಹೊಟ್ಟೆತುಂಬ ತಿಂದು ಬದುಕುಳಿದ ಗಂಡು ಹೆಣ್ಣುಗಳಿಗೆ ಹೆಚ್ಚು ಪ್ರಿಯವಾಗುತ್ತದೆ, ಮತ್ತು ಮುಂದೆ ಕೆಲವು ದಿನಗಳಿಂದ ವಾರಗಳವರೆಗೆ ಅದೇ ವಾಸನೆಗೆ ಮೊದಲಿನಷ್ಟು ಸ್ಪಂದಿಸುವುದಿಲ್ಲ. ಅಂದರೆ ಕೊಲ್ಲದ ಬಲೆ ಸುಮ್ಮನೆ ನಿಷ್ಪ್ರಯೋಜಕವಾಗಿ ಉಳಿಯದೆ, ಗಂಡುಗಳಿಗೆ ಅತ್ತರು ಹಚ್ಚಿ ಕಳಿಸುವ ಕೆಲಸ ಮಾಡುತ್ತದೆ. ಮತ್ತು ಕೆಟ್ಟ ಬಲೆಯಲ್ಲಿ ತಿಂದುಹೋದ ನೊಣ ಪಕ್ಕದ ಒಳ್ಳೆಯ ಬಲೆಗೂ ಬೀಳುವುದಿಲ್ಲ. ಇದನ್ನು ಖಚಿತಪಡಿಸಿಕೊಳ್ಳಲು ಐದಾರು ನೊಣಗಳು ಒಳಗೆ ಹೋದ ಕೂಡಲೇ ಬಲೆಯ ಬಾಯಿಗಳನ್ನು ತೆಳು ಬಟ್ಟೆಯಿಂದ ಮುಚ್ಚಿ, ಗಡಿಯಾರ ನೋಡಿ. ಕೆಲವೇ ನಿಮಿಷಗಳಲ್ಲಿ ಬೆನ್ನಡಿಯಾಗಿ ಒದ್ದಾಡಿದರೆ ಸರಿ. ಬಹಳ ಹೊತ್ತಾದರೂ ಗೋಡೆಯ ಮೇಲೆ ಚುರುಕಾಗಿ ನಡೆದಾಡುತ್ತಿದ್ದರೆ ವಿಷವನ್ನು ಬದಲಿಸಬೇಕು. ಡೈಕ್ಲೋರ್ವಾಸ್ ಪಟ್ಟಿಯಂತಹವು ಆವಿಯಿಂದ ಕೊಲ್ಲುವುದರಿಂದ ಬಲೆಯಲ್ಲಿ ತೂತುಗಳು ಹೆಚ್ಚಿದ್ದರೆ ಆವಿ ನಿಲ್ಲುವುದಿಲ್ಲ. ಮ್ಯಾಲಥಿಯಾನಿನಂತಹದಕ್ಕೆ ನೊಣ ಬತ್ತಿಯನ್ನು ಮುಟ್ಟಲೇಬೇಕು. ಯಾವುದನ್ನು ಬಳಸುವುದಾದರೂ ಅಲ್ಲಿನ ನಿಯಮ ಅದಕ್ಕೆ ಒಪ್ಪಿಗೆ ಕೊಟ್ಟಿದೆಯೇ ಎಂದು ನೋಡಿ, ಕೈಗವಸು ಹಾಕಿಕೊಂಡೇ ಮುಟ್ಟಬೇಕು.

ಇನ್ನೊಂದು ಬಗೆಯ ಖಾಲಿ ಡಬ್ಬಿಯೂ ಇದೆ. ನೊಣಗಳು ಬರುತ್ತವೆ, ಒಳಗೆ ಹೋಗುತ್ತವೆ, ಸಾಯುತ್ತವೆ, ಆದರೂ ವಾರದ ಕೊನೆಗೆ ಎಣಿಸಲು ಏನೂ ಇರುವುದಿಲ್ಲ. ಇಂತಹ ಡಬ್ಬಿಯನ್ನು ಬಿಳಿ ಕಾಗದದ ಮೇಲೆ ಮಗುಚಿ, ತಳ ತಟ್ಟಿ, ಉದುರಿದ್ದನ್ನು ಭೂತಗನ್ನಡಿಯಲ್ಲಿ ನೋಡಿ. ಬಿಡಿ ರೆಕ್ಕೆಗಳು, ಕಾಲಿನ ಚೂರುಗಳು ಸಿಕ್ಕಿದರೆ ಇರುವೆಗಳು ಸಾಗಿಸಿವೆ ಎಂದರ್ಥ. ಮೈ ಪೂರ್ತಿಯಿದ್ದು ಒಳಗೆ ಟೊಳ್ಳಾಗಿದ್ದರೆ ಜೇಡ ಸೇರಿಕೊಂಡಿರಬಹುದು. ಮೂರು ವಾರ ಸೊನ್ನೆ ಬರೆದುಕೊಂಡು ಮೋಹಕ ಕೆಟ್ಟಿದೆ ಎಂದು ನಾನು ತೀರ್ಮಾನಿಸಿದ್ದ ಬಲೆಯೊಂದರ ತಳದಲ್ಲಿ ಚಿಟಿಕೆಯಷ್ಟು ರೆಕ್ಕೆಗಳಿದ್ದವು. ಎರಡೆರಡರಂತೆ ಜೋಡಿಸಿ ಎಣಿಸುತ್ತಾ ಹೋದಾಗ ನಲವತ್ತು ದಾಟಿದ ಮೇಲೆ ಎಣಿಸುವುದನ್ನು ಬಿಟ್ಟೆ. ತೂಗುಹಾಕಿದ ತಂತಿಯ ಮೇಲೆ ನಾಲ್ಕು ಬೆರಳಷ್ಟು ಉದ್ದಕ್ಕೆ ಗ್ರೀಸ್ ಸವರಿದರೆ ಇರುವೆಯ ಹಾದಿ ತಪ್ಪುತ್ತದೆ. ಆದರೆ ಪಕ್ಕದ ಎಲೆಯೊಂದು ಡಬ್ಬಿಗೆ ತಾಗುತ್ತಿದ್ದರೆ ಅದೇ ಹೊಸ ಸೇತುವೆ.

ಕಸುವು ಕುಂದಿದ ಮೋಹಕ

ಮೇಲಿನ ಎಲ್ಲವೂ ಸರಿಯಿದ್ದಾಗ ಮೋಹಕದ ಸರದಿ ಬರುತ್ತದೆ. ಮೀಥೈಲ್ ಯೂಜಿನಾಲ್ ಕ್ಯೂ ಲೂರಿಗಿಂತ ಬೇಗ ಆವಿಯಾಗುತ್ತದೆ, ಮತ್ತು ಅದರ ಸೆಳೆತವೂ ಹೆಚ್ಚು ದೂರಕ್ಕೆ ಮುಟ್ಟುತ್ತದೆ. ಆದ್ದರಿಂದ ಎರಡೂ ಬಲೆಗಳ ಎಣಿಕೆಗಳನ್ನು ಒಂದರ ಪಕ್ಕ ಒಂದಿಟ್ಟು, ಇದರಲ್ಲಿ ಹೆಚ್ಚು ಬಿದ್ದಿವೆ, ಆದ್ದರಿಂದ ಈ ಜಾತಿಯೇ ಹೆಚ್ಚು ಎಂದು ಹೇಳಲು ಬರುವುದಿಲ್ಲ. ಹತ್ತಿ ಬತ್ತಿ, ಪ್ಲೈವುಡ್ ತುಂಡು, ಪಾಲಿಮರ್ ಬಿಲ್ಲೆ ಇವುಗಳಲ್ಲಿ ಆವಿ ಬಿಡುವ ವೇಗ ಬೇರೆಬೇರೆ. ನಾಲ್ಕು ವಾರ ಬರುವುದೂ ಇದೆ, ಎರಡು ತಿಂಗಳು ದಾಟುವುದೂ ಇದೆ. ನೇರ ಬಿಸಿಲಿಗೆ ತೂಗಿದ್ದು ಮೊದಲ ದಿನಗಳಲ್ಲಿ ಭರ್ಜರಿಯಾಗಿ ಸೆಳೆದು ಬೇಗ ಬರಿದಾಗುತ್ತದೆ, ಮತ್ತು ಎಣಿಕೆಯ ಪುಸ್ತಕದಲ್ಲಿ ಅದು ನೊಣಗಳ ಹಾವಳಿ ಏರಿ ಇಳಿದಂತೆ ಕಾಣುತ್ತದೆ. ಕ್ಯೂ ಲೂರಿಗೆ ತೇವದ ಕಾಟ ಹೆಚ್ಚು. ನೀರಿನ ಸಂಪರ್ಕದಲ್ಲಿ ಅದರ ಅಸಿಟೈಲ್ ಭಾಗ ಕಳಚಿ ರಾಸ್ಪ್‌ಬೆರಿ ಕೀಟೋನ್ ಉಳಿಯುತ್ತದೆ. ಅದಕ್ಕೂ ನೊಣ ಒಲಿಯುತ್ತದಾದರೂ ಅದು ಅಷ್ಟು ಸುಲಭವಾಗಿ ಗಾಳಿಗೇರುವುದಿಲ್ಲ. ಮಳೆನೀರು ಒಳಸೇರುವ ಬಲೆಯಲ್ಲಿ ಕ್ಯೂ ಲೂರ್ ಬತ್ತಿ ಮೂಗಿಗೆ ವಾಸನೆ ಬರುತ್ತಿದ್ದರೂ ಕಸುವು ಕಳೆದುಕೊಂಡಿರಬಹುದು. ಮನುಷ್ಯನ ಮೂಗನ್ನು ಈ ವಿಷಯದಲ್ಲಿ ನಂಬುವಂತಿಲ್ಲ.

ಪ್ರತಿ ಬಲೆಯ ಮೇಲೂ ಮೋಹಕ ಹಾಕಿದ ತಾರೀಖನ್ನು ಅಳಿಸದ ಶಾಯಿಯಲ್ಲಿ ಬರೆಯುವುದು ಈ ಕೈಪಿಡಿಯಲ್ಲಿ ಅತಿ ಅಗ್ಗದ ಉಪಾಯ.

ಬಲೆ ಸರಿಯಿದ್ದು ನೊಣ ಸಿದ್ಧವಿಲ್ಲದಿದ್ದಾಗ

ಇದ್ದಕ್ಕಿದ್ದಂತೆ ಎಣಿಕೆ ನಿಂತಿತೆಂಬ ದೂರಿನಲ್ಲಿ ಎಷ್ಟೋ ಸಲ ಬಲೆಯ ತಪ್ಪಿರುವುದಿಲ್ಲ. ಕೋಶದಿಂದ ಆಗತಾನೇ ಬಂದ ಗಂಡು ಮೋಹಕದತ್ತ ತಿರುಗಿಯೂ ನೋಡುವುದಿಲ್ಲ. ಪ್ರಾಯಕ್ಕೆ ಬರುತ್ತಿದ್ದಂತೆ ಸ್ಪಂದನೆ ಏರುತ್ತದೆ, ಅದು ಪೂರ್ಣವಾಗಲು ಸುಮಾರು ಎರಡು ವಾರ ಹಿಡಿಯಬಹುದು. ಹಿಂದಿನ ಪೀಳಿಗೆಯ ಗಂಡುಗಳು ಬಲೆಗೆ ಬಿದ್ದು ಮುಗಿದು, ಹೊಸ ಪೀಳಿಗೆ ಇನ್ನೂ ಎಳೆಯದಾಗಿರುವ ಅವಧಿಯಲ್ಲಿ ತೋಟದಲ್ಲಿ ನೊಣಗಳು ಕಿಕ್ಕಿರಿದಿದ್ದರೂ ಬಲೆ ಬರಿದಾಗಿರುತ್ತದೆ, ಮತ್ತು ಹತ್ತು ಹದಿನೈದು ದಿನಗಳಲ್ಲಿ ಯಾರೂ ಏನೂ ಮಾಡದೆಯೇ ಎಣಿಕೆ ಜಿಗಿಯುತ್ತದೆ. ಈ ನಡುವೆ ಮೋಹಕವನ್ನು ಬದಲಿಸಿದವರು ಆ ಜಿಗಿತದ ಶ್ರೇಯಸ್ಸನ್ನು ಹೊಸ ಮೋಹಕಕ್ಕೆ ಕೊಡುತ್ತಾರೆ. ಮಳೆ, ಬಿರುಗಾಳಿ, ಚಳಿಯ ಬೆಳಗುಗಳು ಹಾರಾಟವನ್ನೇ ತಡೆಯುವುದರಿಂದ ಹವೆಯನ್ನೂ ಎಣಿಕೆಯ ಪಕ್ಕ ಬರೆದಿಡಬೇಕು. ಕಕ್ಕೆಯ ಹೂವು, ಕೆಲವು ಬಗೆಯ ತುಳಸಿ ಮುಂತಾದ ಗಿಡಗಳಲ್ಲಿ ಮೀಥೈಲ್ ಯೂಜಿನಾಲ್ ಸಹಜವಾಗಿಯೇ ಇದೆ. ಅಲ್ಲಿ ತಿಂದು ಬಂದ ಗಂಡಿಗೆ ನಿಮ್ಮ ಬತ್ತಿಯ ಮೇಲೆ ಹಸಿವಿರುವುದಿಲ್ಲ. ಆದರೆ ಇದನ್ನು ದೊಡ್ಡ ಕಾರಣವೆಂದು ಹಿಡಿಯುವ ಮೊದಲು ಉಳಿದ ಕಾರಣಗಳನ್ನು ಮುಗಿಸಿರಬೇಕು.

ಪ್ರೋಟೀನ್ ಆಮಿಷದ ಬಲೆ

ಇದರ ದೋಷಗಳು ಬೇರೆ, ಏಕೆಂದರೆ ಇದರ ಗಿರಾಕಿ ಬೇರೆ. ಮೊಟ್ಟೆ ಬಲಿಯಲು ಹೆಣ್ಣಿಗೆ ಪ್ರೋಟೀನ್ ಬೇಕು, ಮತ್ತು ಅದರ ಸುಳಿವನ್ನು ಅದು ಮುಖ್ಯವಾಗಿ ಅಮೋನಿಯಾದ ವಾಸನೆಯಿಂದ ಹಿಡಿಯುತ್ತದೆ. ನೀರಿನಲ್ಲಿ ಕರಗಿಸಿ ಆಮಿಷವಾಗಿ ಬಳಸುವ ಟೊರುಲಾ ಯೀಸ್ಟಿನ ಗುಳಿಗೆಗಳಿಗೆ ಬೊರಾಕ್ಸ್ ಸೇರಿಸುವುದು ಆಮಿಷ ಬೇಗ ಕೊಳೆಯದಿರಲಿ ಎಂಬುದಕ್ಕಷ್ಟೇ ಅಲ್ಲ, ದ್ರವವನ್ನು ಕ್ಷಾರೀಯವಾಗಿ ಇಡುವುದಕ್ಕೂ ಹೌದು. ಪಿಎಚ್ ಸುಮಾರು 9.2 ಇದ್ದಾಗ ದ್ರವದಲ್ಲಿರುವ ಅಮೋನಿಯಾದ ಅರ್ಧದಷ್ಟು ಗಾಳಿಗೇರಬಲ್ಲ ರೂಪದಲ್ಲಿರುತ್ತದೆ. ಪಿಎಚ್ 7ಕ್ಕೆ ಇಳಿದರೆ ನೂರರಲ್ಲಿ ಒಂದು ಪಾಲೂ ಹಾಗಿರುವುದಿಲ್ಲ, ಉಳಿದದ್ದೆಲ್ಲ ಅಮೋನಿಯಂ ಆಗಿ ನೀರಿನಲ್ಲೇ ಕೂತಿರುತ್ತದೆ. ಆದ್ದರಿಂದ ಪ್ರೋಟೀನ್ ಬಲೆ ಸೋತಾಗ ಮೊದಲು ಅದ್ದಬೇಕಾದ್ದು ಪಿಎಚ್ ಕಾಗದ. ಮಳೆನೀರು ಸೇರಿ ತೆಳುವಾಗಿದ್ದರೂ, ಬಿಸಿಲಿಗೆ ಆರಿ ಪಾಕವಾಗಿದ್ದರೂ ಚೆಲ್ಲಿ ಹೊಸದಾಗಿ ತುಂಬಿ. ಒಂದೆರಡು ವಾರಕ್ಕಿಂತ ಹೆಚ್ಚು ಕಾಲ ಒಂದೇ ದ್ರವವನ್ನು ನಂಬಬೇಡಿ. ಚೆಲ್ಲುವುದು ಬಲೆಯ ಬುಡದಲ್ಲಾಗಬಾರದು. ಗಂಡು ಮೋಹಕಗಳಿಗೆ ಹೋಲಿಸಿದರೆ ಇದರ ಸೆಳೆತ ಬಹಳ ಮೊಟಕು, ಮತ್ತು ಪ್ರೋಟೀನ್ ಬೇರೆಡೆ ಸಿಕ್ಕಿರುವ ಹೆಣ್ಣಿಗೆ ಇದರ ಅಗತ್ಯವೂ ಇಲ್ಲ. ದಿನಕ್ಕೆ ಎರಡು ಮೂರು ನೊಣ ಬಿದ್ದರೂ ಅದನ್ನು ಸೋಲೆಂದು ಬರೆಯಬೇಡಿ, ಅವುಗಳಲ್ಲಿ ಹೆಣ್ಣೆಷ್ಟು ಎಂದು ನೋಡಿ.

ಬಲೆ ತುಂಬಿದರೂ ಕಾಯಿಯಲ್ಲಿ ಹುಳು

ಮೂರನೆಯ ದೂರಿಗೆ ಉತ್ತರ ಡಬ್ಬಿಯಲ್ಲೇ ಇದೆ. ಸತ್ತ ನೊಣಗಳ ಹಿಂಬದಿ ನೋಡಿ: ಹೆಣ್ಣಿನ ಹೊಟ್ಟೆ ಮೊಟ್ಟೆಯಿಡುವ ಚೂಪು ಕೊಳವೆಯಲ್ಲಿ ಮುಗಿಯುತ್ತದೆ, ಗಂಡಿನದು ದುಂಡಗೆ ಮೊಂಡಾಗಿರುತ್ತದೆ. ನೂರು ನೊಣಗಳನ್ನು ನೋಡಿದರೂ ಚೂಪು ತುದಿಯದು ಒಂದೆರಡು ಸಿಗುವುದೂ ಕಷ್ಟ. ಕಾಯಿ ಚುಚ್ಚುವುದು ಹೆಣ್ಣು, ಬಲೆಗೆ ಬೀಳುತ್ತಿರುವುದು ಗಂಡು. ಒಂದು ಗಂಡು ಹಲವು ಹೆಣ್ಣುಗಳೊಂದಿಗೆ ಕೂಡಬಲ್ಲದಾದ್ದರಿಂದ ಗಂಡುಗಳಲ್ಲಿ ಅರ್ಧ ಅಥವಾ ಮುಕ್ಕಾಲು ಪಾಲು ಸತ್ತರೂ ಹೆಣ್ಣುಗಳು ಬಂಜೆಯಾಗಿ ಉಳಿಯುವುದಿಲ್ಲ. ಉಳಿದ ಗಂಡುಗಳೇ ಸಾಕು. ಗಂಡುಗಳನ್ನು ಕೊಂದೇ ನೊಣವನ್ನು ನಿರ್ಮೂಲ ಮಾಡಿದ ಉದಾಹರಣೆಯಿದೆ: ಪೆಸಿಫಿಕ್ ಸಾಗರದ ರೋಟಾ ದ್ವೀಪದಲ್ಲಿ 1960ರ ದಶಕದಲ್ಲಿ ಮೀಥೈಲ್ ಯೂಜಿನಾಲ್ ಮತ್ತು ನಾಲೆಡ್ ಎಂಬ ಕೀಟನಾಶಕ ಹೀರಿಸಿದ ತುಂಡುಗಳನ್ನು ವಿಮಾನದಿಂದ ಬೀಳಿಸಿ ಡಾರ್ಸಾಲಿಸ್ ನೊಣವನ್ನು ಇಲ್ಲವಾಗಿಸಿದರು. ಆದರೆ ಅದು ಸುತ್ತ ಕಡಲಿದ್ದ ದ್ವೀಪ, ಮೋಹಕವೂ ಎಲ್ಲಕ್ಕಿಂತ ಬಲವಾದದ್ದು. ಬಳ್ಳಿ ಕಾಯಿಯ ನೊಣವನ್ನು ಜಪಾನ್ ತನ್ನ ಓಕಿನಾವಾ ದ್ವೀಪಗಳಿಂದ 1993ರಲ್ಲಿ ತೊಲಗಿಸಿದ್ದು ಕ್ಯೂ ಲೂರನ್ನಷ್ಟೇ ನೆಚ್ಚಿ ಅಲ್ಲ, ವಿಕಿರಣದಿಂದ ಬಂಜೆಯಾಗಿಸಿದ ನೊಣಗಳನ್ನು ಅಪಾರ ಸಂಖ್ಯೆಯಲ್ಲಿ ಬಿಟ್ಟು.

ಬೇಲಿಯಾಚೆ ಆಗಲೇ ಗಂಡಿನೊಂದಿಗೆ ಕೂಡಿ ಬರುವ ಹೆಣ್ಣುಗಳನ್ನು ಗಂಡು ಮೋಹಕದ ಬಲೆ ತಡೆಯಲಾರದು. ಇಂತಹ ಕಡೆ ಬಲೆಗಳ ಸಂಖ್ಯೆಯನ್ನು ಎರಡು ಪಟ್ಟು ಮಾಡುವುದಕ್ಕಿಂತ ಉದುರಿದ ಹುಳುಕು ಕಾಯಿಗಳನ್ನು ಆಯ್ದು ನಾಶಮಾಡುವುದು, ಹೆಣ್ಣುಗಳಿಗೆ ಪ್ರೋಟೀನ್ ಆಮಿಷ ಒಡ್ಡುವುದು, ಸಾಧ್ಯವಿದ್ದಲ್ಲಿ ಕಾಯಿಗೆ ಚೀಲ ಕಟ್ಟುವುದು ಹೆಚ್ಚು ಫಲ ಕೊಡುತ್ತದೆ. ಬಲೆಯನ್ನು ಆಗ ಎಚ್ಚರಿಕೆಯ ಗಂಟೆಯಾಗಿ ಉಳಿಸಿಕೊಳ್ಳಬೇಕು.

ಜೋಡಿ ಪರೀಕ್ಷೆ

ಇಷ್ಟಾದರೂ ಅನುಮಾನ ಮೋಹಕದ ಮೇಲೆಯೇ ಉಳಿದರೆ, ಹಳೆಯದನ್ನು ಎಸೆಯದೆ, ಹೊಸದರೊಂದಿಗೆ ಹೋಲಿಸಿ. ಒಂದೇ ಬಗೆಯ ನಾಲ್ಕು ಬಲೆಗಳಲ್ಲಿ ಎರಡಕ್ಕೆ ಸಂದೇಹದ ಮೋಹಕ, ಎರಡಕ್ಕೆ ಗುಣ ಗೊತ್ತಿರುವ ಹೊಸ ಮೋಹಕ ಹಾಕಿ. ವಿಷ, ಎತ್ತರ, ನೆರಳು ಎಲ್ಲವೂ ಒಂದೇ ಆಗಿರಲಿ. ಮೀಥೈಲ್ ಯೂಜಿನಾಲ್ ಬಲೆಗಳು ಒಂದರ ನೊಣವನ್ನು ಇನ್ನೊಂದು ಕಸಿಯುವುದರಿಂದ ಅವುಗಳ ನಡುವೆ ತೋಟ ಅನುಮತಿಸುವಷ್ಟೂ ಅಂತರ ಬಿಡಿ. ಪ್ರತಿ ಎರಡು ದಿನಕ್ಕೊಮ್ಮೆ ಎಣಿಸಿ, ಎಣಿಸಿದ ಕೂಡಲೇ ಬಲೆಗಳ ಜಾಗಗಳನ್ನು ಅದಲುಬದಲು ಮಾಡಿ, ನಾಲ್ಕೂ ಬಲೆಗಳು ನಾಲ್ಕೂ ಜಾಗಗಳನ್ನು ಸುತ್ತುವ ತನಕ ಮುಂದುವರಿಸಿ. ಜಾಗ ಬದಲಿಸದೆ ಮಾಡಿದ ಪರೀಕ್ಷೆ ಮೋಹಕವನ್ನು ಅಳೆಯುವುದಿಲ್ಲ, ಮರವನ್ನು ಅಳೆಯುತ್ತದೆ.

ಎಣಿಕೆಯನ್ನು ಬಲೆಯೊಂದಕ್ಕೆ ದಿನವೊಂದಕ್ಕೆ ಎಷ್ಟು ನೊಣ ಎಂಬ ಲೆಕ್ಕಕ್ಕೆ ಇಳಿಸಿ: 5 ಬಲೆಗಳಲ್ಲಿ 7 ದಿನಕ್ಕೆ 210 ನೊಣ ಬಿದ್ದಿದ್ದರೆ 210ನ್ನು 35ರಿಂದ ಭಾಗಿಸಿದಾಗ 6. ಹೊಸ ಮೋಹಕದ ಬಲೆಗಳು ಎಲ್ಲ ಜಾಗಗಳಲ್ಲೂ ಮುಂದಿದ್ದರೆ ಹಳೆಯದು ಕೆಟ್ಟಿದೆ, ಬದಲಿಸಿ. ಎಣಿಕೆ ಬಲೆಯನ್ನು ಬಿಟ್ಟು ಜಾಗವನ್ನು ಹಿಂಬಾಲಿಸಿದರೆ, ಅಂದರೆ ಯಾವ ಬಲೆಯಿಟ್ಟರೂ ಒಂದೇ ಮರ ಗೆಲ್ಲುತ್ತಿದ್ದರೆ, ನೆರಳು, ಗಾಳಿ, ಮಾಗಿದ ಹಣ್ಣಿನ ಸಾಮೀಪ್ಯ ಇವುಗಳನ್ನು ಅಲ್ಲಿ ಹುಡುಕಿ. ಎರಡೂ ಮೋಹಕಗಳು ಸಮನಾಗಿ ಸೋತರೆ ಹುಳುಕು ಕಾಯಿಗಳ ಡಬ್ಬಿಗೆ ಮರಳಿ, ಈ ಸಲ ಹೊರಬಂದ ನೊಣಗಳನ್ನು ಕೀಟಶಾಸ್ತ್ರಜ್ಞರಿಗೆ ತೋರಿಸಿ.